ಸವಳು ನೆಲಕ್ಕೆ ಸೀಗಡಿ ಮದ್ದೆ?

ಘಟಪ್ರಭೆಯೂ ಕೃಷ್ಣೆಯೂ ಸಹ್ಯಾದ್ರಿಯಲ್ಲಿ ಹುಟ್ಟುವ ನದಿಗಳು. ಅವುಗಳ ನೀರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಕಬ್ಬನ್ನು ತಂದಿತು. ಬಸಿಗಾಲುವೆಯಿಲ್ಲದೆ ಮಿತಿಮೀರಿ ನೀರುಂಡ ಎರೆ ಹೊಲಗಳಲ್ಲಿ ಅಂತರ್ಜಲ ಮೇಲೇರಿ, ಲವಣವನ್ನೂ ಮೇಲಕ್ಕೆ ತಂದಿತು. ರೈತರು ಅದನ್ನು ಸವಳು-ಜವಳು ಎನ್ನುತ್ತಾರೆ.

ಇಂಥ ನೆಲದಲ್ಲಿ ಸೀಗಡಿ ಸಾಕಬಹುದೆಂಬುದು ಬರಿಯ ಕಲ್ಪನೆಯಲ್ಲ. ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ವಿಜ್ಞಾನಿಗಳು ಹರಿಯಾಣದ ರೋಹ್ತಕ್ ಕೇಂದ್ರದಲ್ಲಿ ಒಳನಾಡಿನ ಉಪ್ಪುನೀರಿನಲ್ಲಿ ವನ್ನಾಮಿ ಸೀಗಡಿಯನ್ನು ಬೆಳೆಸಿ, ರೈತರಿಗೂ ಕಲಿಸಿದರು. ಉಪ್ಪಾದ ಮಾತ್ರಕ್ಕೆ ನೀರು ಕಡಲಾಗದು. ಅದರಲ್ಲಿ ಪೊಟ್ಯಾಸಿಯಂ ತೀರ ಕಡಿಮೆ. ಆ ಕೊರತೆಯನ್ನು ತುಂಬದಿದ್ದರೆ ಮರಿಗಳು ಸಾಯುತ್ತವೆ. ಹೊಲಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರವೇ ಅಲ್ಲಿ ಮದ್ದಾಯಿತು!

ಆದರೆ ಘಟಪ್ರಭೆಯ ಬಯಲು ಹರಿಯಾಣವಲ್ಲ. ಇಲ್ಲಿ ಹೊಲದಿಂದ ಹೊಲಕ್ಕೆ ಲವಣದ ಗುಣ ಬದಲಾಗುತ್ತದೆ. ನೀರನ್ನು ಪರೀಕ್ಷಿಸದೆ ಸಾಲ ಮಾಡಿ ಕೊಳ ತೋಡುವುದು ಜೂಜು. ಕೊಳದ ನೀರನ್ನು ಹಳ್ಳಕ್ಕೆ ಬಿಟ್ಟರೆ ನೆರೆಹೊಲವೂ ಸವಳಾಗುತ್ತದೆ. ಆ ನಷ್ಟವನ್ನು ಯಾವ ಬ್ಯಾಂಕಿನ ಲೆಕ್ಕವೂ ಹಿಡಿಯದು. ಕರಾವಳಿಯ ಸೀಗಡಿ ಕೊಳಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕಟ್ಟುನಿಟ್ಟಿನ ತೀರ್ಪು ನೀಡಿದ್ದಕ್ಕೆ ಇಂಥ ಹಾನಿಯೂ ಕಾರಣ.

ಇನ್ನು ಮಾರುಕಟ್ಟೆ. ಯುರೋಪು 1997ರಲ್ಲಿ ನೈರ್ಮಲ್ಯದ ಕಾರಣಕ್ಕೆ ಭಾರತದ ಕಡಲ ಆಹಾರವನ್ನು ಕೆಲಕಾಲ ತಡೆಯಿತು. ಇಂದಿಗೂ ಅಲ್ಲಿ ಸೀಗಡಿಯಲ್ಲಿ ಪ್ರತಿಜೀವಕದ ಉಳಿಕೆಯನ್ನು ಹುಡುಕುತ್ತಾರೆ. ಸಿಕ್ಕರೆ ಸರಕು ಹಿಂದಿರುಗುತ್ತದೆ.

ಆದುದರಿಂದ ಕೃಷಿ ವಿಸ್ತರಣೆಯವರು ಈ ತಾಲ್ಲೂಕುಗಳಲ್ಲಿ ಮೊದಲು ಕಲಿಸಬೇಕಾದುದು ಬಸಿಗಾಲುವೆ ತೆಗೆಯುವುದನ್ನು, ಕಬ್ಬಿಗೆ ಹನಿ ನೀರು ಕೊಡುವುದನ್ನು. ಕೊಳದ ಮಾತು ಬೇರೇನೂ ಬೆಳೆಯದ ನೆಲಕ್ಕೆ ಮಾತ್ರ, ಅದೂ ನೀರಿನ ಪರೀಕ್ಷೆಯಾದ ಬಳಿಕ.