ಜಾಲಪುಟದಲ್ಲಿ ಚರಾಕ್ಷರಗಳ ಗುರುತು: ಬದಲಾಗುವುದು ಯಾವುದೆಂದು ಓದುಗರಿಗೆ ತಿಳಿಯಬೇಕು

(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಸೂಚನಾ ಫಲಕದ ಪ್ರಕಟಣೆಗಳು ಇಂದು ಜಾಲಪುಟಗಳಿಗೂ ಏರುತ್ತಿವೆ. ಸಾರ್ವಜನಿಕ ಪ್ರಾಧಿಕಾರಗಳು ಸ್ವಪ್ರೇರಣೆಯಿಂದ ಮಾಹಿತಿ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ವಿಧಿಸುತ್ತದೆ. ಆದರೆ ಪ್ರಕಟವಾದ ಮಾತ್ರಕ್ಕೆ ಮಾಹಿತಿಯು ತಲುಪಿತೆಂದು ಭಾವಿಸಲಾಗದು. ಶುಲ್ಕದ ಸೂತ್ರದಲ್ಲಾಗಲಿ, ಅರ್ಜಿಯ ಮಾದರಿಯಲ್ಲಾಗಲಿ ಯಾವುದು ಸ್ಥಿರ, ಯಾವುದು ಬದಲಾಗತಕ್ಕದ್ದು ಎಂಬುದು ಸ್ಪಷ್ಟವಾಗಿರಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ನೀರಿನ ಶುಲ್ಕಕ್ಕೆ ‘ಮೊತ್ತ = ಬಳಕೆ × ದರ’ ಎಂಬ ಸೂತ್ರ ಪ್ರಕಟವಾಗಿದೆ ಎನ್ನೋಣ. ಬಳಕೆ 15 ಸಾವಿರ ಲೀಟರ್, ಸಾವಿರ ಲೀಟರಿಗೆ ದರ 7 ರೂಪಾಯಿ ಆದರೆ ಮೊತ್ತ 105 ರೂಪಾಯಿ. ಇಲ್ಲಿರುವ ಮೂರೂ ಹೆಸರುಗಳ ಬೆಲೆ ಮನೆಯಿಂದ ಮನೆಗೆ ಅಥವಾ ವರ್ಷದಿಂದ ವರ್ಷಕ್ಕೆ ಬದಲಾಗಬಲ್ಲದು. ಶಾಲೆಯ ಬೀಜಗಣಿತದಲ್ಲಿ ಇಂಥವನ್ನೇ ಚರಾಕ್ಷರಗಳೆಂದು ಕರೆಯುವುದು.

ಜಾಲಪುಟಗಳನ್ನು ರಚಿಸುವ ಎಚ್‌ಟಿಎಂಎಲ್ ಭಾಷೆಯಲ್ಲಿ ಚರಾಕ್ಷರಗಳಿಗೆಂದೇ ‘ವಾರ್’ ಎಂಬ ಟ್ಯಾಗ್ ಇದೆ. 1995ರ ಎಚ್‌ಟಿಎಂಎಲ್ 2.0 ನಿರೂಪಣೆಯಲ್ಲಿಯೇ ಅದು ಸೇರಿತ್ತು. ಈ ಟ್ಯಾಗ್ ಇರುವ ಪದವನ್ನು ಬ್ರೌಸರ್‌ಗಳು ಸಾಮಾನ್ಯವಾಗಿ ಓರೆ ಅಕ್ಷರಗಳಲ್ಲಿ ತೋರಿಸುತ್ತವೆ. ‘ಐ’ ಎಂಬ ಟ್ಯಾಗ್ ಬಳಸಿದರೂ ಅಕ್ಷರ ಓರೆಯಾಗಿಯೇ ಕಾಣುತ್ತದೆ. ಹಾಗಾದರೆ ಭೇದವೇನು? ‘ಇದು ಚರಾಕ್ಷರ’ ಎಂಬ ಅರ್ಥವನ್ನು ‘ವಾರ್’ ದಾಖಲಿಸುತ್ತದೆ. ‘ಐ’ ಅದನ್ನು ಹೇಳುವುದಿಲ್ಲ.

ಈ ಭೇದಕ್ಕೆ ಪ್ರಯೋಜನವೂ ಉಂಟು. ಓರೆಯಾಗಿಸಿದ ಕನ್ನಡ ಅಕ್ಷರಗಳು, ವಿಶೇಷವಾಗಿ ಒತ್ತಕ್ಷರಗಳು, ಓದಲು ತೊಡಕಾಗುವುದುಂಟು. ಚರಾಕ್ಷರಗಳಿಗೆಲ್ಲ ‘ವಾರ್’ ಹಾಕಿದ್ದರೆ, ಒಂದೇ ಶೈಲಿನಿಯಮದಿಂದ ಅವನ್ನು ನೇರ ಅಕ್ಷರಗಳಾಗಿಸಿ ಬೇರೆ ಬಣ್ಣ ಕೊಡಬಹುದು. ಪುಟದ ಉಳಿದ ಓರೆ ಪದಗಳಿಗೆ ಅದರಿಂದ ಬಾಧೆಯಿಲ್ಲ.

ಅರ್ಜಿಯ ಮಾದರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ಅರ್ಜಿದಾರರ ಹೆಸರು’, ‘ಗ್ರಾಮದ ಹೆಸರು’ ಎಂದು ಬರೆದ ಕಡೆ ಓದುಗರು ತಮ್ಮ ವಿವರವನ್ನು ಬರೆಯಬೇಕು. ಹೀಗೆ ಬೇರೊಂದರ ಸ್ಥಾನದಲ್ಲಿ ನಿಂತ ಪದಗಳಿಗೂ ‘ವಾರ್’ ಸಲ್ಲುತ್ತದೆ. ಆದರೆ ಪುಟದಲ್ಲಿಯೇ ಭರ್ತಿ ಮಾಡುವ ಖಾಲಿ ಚೌಕಕ್ಕೆ ಅದು ಸಲ್ಲದು. ಅದಕ್ಕೆ ‘ಇನ್‌ಪುಟ್’ ಎಂಬ ಪ್ರತ್ಯೇಕ ಟ್ಯಾಗ್ ಇದೆ. ರೂಪಾಯಿ, ಲೀಟರ್ ಮುಂತಾದ ಮಾನಗಳಿಗೂ ‘ವಾರ್’ ಹಾಕತಕ್ಕದ್ದಲ್ಲ.

ಟ್ಯಾಗ್ ಒಂದರಿಂದಲೇ ಎಲ್ಲವೂ ಸಾಧ್ಯವಾಗದು. ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುವ ತಂತ್ರಾಂಶಗಳು ಸಾಮಾನ್ಯವಾಗಿ ‘ವಾರ್’ ಗುರುತನ್ನು ಬೇರೆಯಾಗಿ ನುಡಿಯುವುದಿಲ್ಲ. ಕಣ್ಣಿಗೆ ಕಾಣುವ ಓರೆಯಾಗಲಿ ಬಣ್ಣವಾಗಲಿ ಅವರ ಕಿವಿಗೆ ಮುಟ್ಟದು. ವಿಕಲಚೇತನರಿಗೂ ಮಾಹಿತಿಯು ಸುಗಮವಾಗಿ ದೊರೆಯಬೇಕೆಂಬುದು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಆಶಯ. ಆದುದರಿಂದ ಸೂತ್ರದ ಕೆಳಗೆ ಪ್ರತಿಯೊಂದು ಚರಾಕ್ಷರದ ಅರ್ಥವನ್ನೂ ಮಾನವನ್ನೂ ಮಾತಿನಲ್ಲಿಯೇ ಬರೆಯಬೇಕು. ‘ಬಳಕೆ: ತಿಂಗಳಿಗೆ ಎಷ್ಟು ಸಾವಿರ ಲೀಟರ್’ ಎಂಬ ವಿವರಣೆ ಇಲ್ಲದಿದ್ದರೆ, 15ರ ಬದಲು 15,000 ಎಂದಿಟ್ಟು ಗುಣಿಸಿದವರಿಗೆ 105 ರೂಪಾಯಿಯ ಶುಲ್ಕವು 1,05,000 ರೂಪಾಯಿಯಾಗಿ ತೋರುತ್ತದೆ. ಈ ತಪ್ಪು ಓದಿದವರದಲ್ಲ, ಪ್ರಕಟಣೆಯದು.

ಸದಸ್ಯರು ಟ್ಯಾಗ್‌ಗಳನ್ನು ಬರೆಯಲು ಕಲಿಯಬೇಕಾಗಿಲ್ಲ. ಪುಟ ಪ್ರಕಟವಾಗುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು: ಬದಲಾಗುವ ಪದಗಳಿಗೆಲ್ಲ ‘ವಾರ್’ ಗುರುತು ಇದೆಯೇ? ಒಂದೇ ಸಂಗತಿಗೆ ಪುಟದುದ್ದಕ್ಕೂ ಒಂದೇ ಹೆಸರಿದೆಯೇ? ಅರ್ಥ ಮತ್ತು ಮಾನಗಳನ್ನು ಬರೆಯಲಾಗಿದೆಯೇ? ಪುಟವನ್ನು ಗಟ್ಟಿಯಾಗಿ ಓದಿ ಕೇಳಿಸಿದರೆ, ಕೇಳಿದವರು ಲೆಕ್ಕ ಹಾಕಬಲ್ಲರೇ? ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ದೊರೆತಾಗ ಗ್ರಾಮಸ್ಥರು ತಮ್ಮ ಶುಲ್ಕವನ್ನು ತಾವೇ ಪರಿಶೀಲಿಸಿಕೊಳ್ಳಬಲ್ಲರು.