ಅಂಬಾಸಿಡರ್ ಕಾರಿನ ಅಡಿಭಾಗ



ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ತಳದ ತಗಡೇ ಅದರ ಬೆನ್ನೆಲುಬು. ಕಾಸರಗೋಡಿನಂಥ ಉಪ್ಪುಗಾಳಿಯ ಊರಿನಲ್ಲಿ ಕನ್ನಡದ ತುಕ್ಕು, ಮಲಯಾಳದ ತುರುಂಬ್, ಹಿಡಿಯುವುದು ಅಲ್ಲಿಗೇ. ಅದರ ಮೇಲೆ ಡಾಂಬರು ಬಳಿಯುವುದು ತಪ್ಪು ಲೆಕ್ಕದ ಮೇಲೆ ಕಾಗದ ಅಂಟಿಸಿದಂತೆ. ಡಾಂಬರು ಬಿರುಕುಬಿಟ್ಟರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ, ಹೊರಗೆ ಕಾಣುವುದಿಲ್ಲ.

ಮೊದಲು ಹಳೆಯ ಡಾಂಬರನ್ನು ಕೆರೆದು ತೆಗೆಯಿರಿ. ಬ್ರಾಕೆಟ್ಟುಗಳ ಮರೆಯಲ್ಲಿ ಕಾರ್ಖಾನೆಯ ಮೂಲ ಬಣ್ಣ ಉಳಿದಿದ್ದರೆ ಅದೇ ಮಾದರಿ, ಫೋಟೋ ತೆಗೆದಿಡಿ. ತೂತು ಬಿದ್ದಲ್ಲಿ ಪುಟ್ಟಿ ತುಂಬದೆ ಹೊಸ ತಗಡು ವೆಲ್ಡ್ ಮಾಡಿಸಿ. ತುಕ್ಕನ್ನು ಪೂರ್ತಿ ತೆಗೆಸಿ, ಪ್ರೈಮರ್ ಹಚ್ಚಿಸಿ, ಆಮೇಲೆ ಮಾದರಿಗೆ ಹೊಂದುವ ಬಣ್ಣ ಹಾಕಿಸಿ. ನೀರಿಳಿಯುವ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ.

ಒಳಗೆ ಕುಳಿತವರನ್ನು ಹೊರುವುದು ಆ ತಳವೇ ಎಂಬುದು ನೆನಪಿರಲಿ.