ಹಲ್ಲಿನಲ್ಲಿ ಉಳಿದ ಕಾಡಿನ ದಿನಚರಿ



ದನದ ಜಾತ್ರೆಯಲ್ಲಿ ಅನುಭವಸ್ಥ ರೈತನು ಹೋರಿಯ ವಯಸ್ಸನ್ನು ಮಾರುವವನಿಂದ ಕೇಳಿ ನಂಬುವುದಿಲ್ಲ. ಹೋರಿಯ ಬಾಯನ್ನೇ ತೆರೆದು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಚಿಂಪಾಂಜಿ, ಬೊನೊಬೊ, ಗೊರಿಲ್ಲ, ಒರಾಂಗುಟಾನ್ ಎಂಬ ಮಹಾವಾನರಗಳ ಬಾಲ್ಯವನ್ನು ಅರಿಯಲು ವಿಜ್ಞಾನಿಗಳು ಹಿಡಿದ ದಾರಿಯೂ ಇದೇ.

ಈ ವಾನರಗಳಿಗೂ ಮನುಷ್ಯರಂತೆ 20 ಹಾಲುಹಲ್ಲುಗಳು, ಆಮೇಲೆ 32 ಶಾಶ್ವತ ಹಲ್ಲುಗಳು. ಹಲ್ಲು ರೂಪುಗೊಳ್ಳುವಾಗ ಅದರ ಗಟ್ಟಿ ಹೊದಿಕೆಯಾದ ಎನಾಮಲ್‌ನಲ್ಲಿ ದಿನಕ್ಕೊಂದರಂತೆ ಸೂಕ್ಷ್ಮ ಗೆರೆ ಮೂಡುತ್ತದೆ. ಜನನದ ಗಳಿಗೆಗೂ ಒಂದು ಪ್ರತ್ಯೇಕ ಗೆರೆಯುಂಟು. ಮೂಳೆಯು ಜೀವಮಾನವಿಡೀ ಸವೆದು ಹೊಸದಾಗುತ್ತದೆ. ಎನಾಮಲ್ ಹಾಗಲ್ಲ, ಒಮ್ಮೆ ಬರೆದದ್ದನ್ನು ಅದು ಅಳಿಸುವುದಿಲ್ಲ. ಮರದ ಉಂಗುರ ವರ್ಷವನ್ನು ಹೇಳಿದರೆ ಹಲ್ಲು ದಿನವನ್ನೇ ಹೇಳುತ್ತದೆ.

ಮೊದಲ ಶಾಶ್ವತ ದವಡೆಹಲ್ಲು ಬರುವ ಹೊತ್ತಿಗೆ ಮರಿಯು ತಾಯಿಯ ಹಾಲನ್ನು ಬಿಡುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಉಗಾಂಡದ ಕಿಬಾಲೆ ಅರಣ್ಯದಲ್ಲಿ ತಾನ್ಯಾ ಸ್ಮಿತ್ ಮತ್ತು ಸಂಗಡಿಗರು ಕಾಡಿನ ಚಿಂಪಾಂಜಿ ಮರಿಗಳನ್ನು ಮುಟ್ಟದೆ, ಹಿಡಿಯದೆ, ಅವು ಬಾಯಿ ತೆರೆದಾಗ ತೆಗೆದ ಛಾಯಾಚಿತ್ರಗಳಿಂದಲೇ ಇದನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಆಗಿತ್ತು: ಸುಮಾರು ಮೂರು ವರ್ಷಕ್ಕೆ ಆ ಹಲ್ಲು ಮೂಡಿತು, ಆದರೆ ಮರಿಗಳು ಅನಂತರವೂ ಹಾಲು ಕುಡಿಯುತ್ತಲೇ ಇದ್ದವು. ಮನುಷ್ಯರ ಮಕ್ಕಳಿಗೆ ಇದೇ ಹಲ್ಲು ಸುಮಾರು ಆರು ವರ್ಷಕ್ಕೆ ಬರುತ್ತದೆ.

ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳ ಒರಾಂಗುಟಾನ್‌ಗಳ ಕಥೆ ಇನ್ನೂ ಗಾಢವಾದುದು. ತಾಯಿಯ ಹಾಲಿನ ಮೂಲಕ ಬೇರಿಯಂ ಎಂಬ ಧಾತುವು ಮರಿಯ ಹಲ್ಲನ್ನು ಸೇರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿದ್ದ ಕಾಡು ಒರಾಂಗುಟಾನ್‌ಗಳ ಹಲ್ಲುಗಳಲ್ಲಿ ಈ ಧಾತುವನ್ನು ಪದರಪದರವಾಗಿ ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮೊದಲ ವರ್ಷದ ಬಳಿಕ ಬೇರಿಯಂ ಇಳಿದು, ಮತ್ತೆ ಏರಿ, ಹೀಗೆ ಎಂಟು ವರ್ಷ ದಾಟುವವರೆಗೂ ಏರಿಳಿದಿತ್ತು. ಕಾಡಿನಲ್ಲಿ ಹಣ್ಣು ಕಡಿಮೆಯಾದಾಗ ಮರಿಯು ಮತ್ತೆ ತಾಯಿಯ ಹಾಲನ್ನು ಆಶ್ರಯಿಸುತ್ತದೆಂಬುದು ಸಂಶೋಧಕರ ವಿವರಣೆ. ಬರಗಾಲಕ್ಕೆ ತಾಯಿಯೇ ಕಣಜ!

ಹೀಗೆ ನಿಧಾನವಾಗಿ ಬೆಳೆಯುವ ಜೀವಿಯು ನಷ್ಟವನ್ನು ಬೇಗ ತುಂಬಿಕೊಳ್ಳಲಾರದು. ಒರಾಂಗುಟಾನ್ ತಾಯಿ ಒಂದು ಮರಿಯ ಬಳಿಕ ಮತ್ತೊಂದನ್ನು ಹೆರಲು ಸುಮಾರು ಏಳೆಂಟು ವರ್ಷ ಬೇಕು. ಹಣ್ಣಿನ ಮರಗಳು ಉರುಳಿದರೆ ತಾಯಿ ಸೊರಗುತ್ತಾಳೆ. ತಾಯಿ ಸತ್ತರೆ ಮರಿಯೂ ಉಳಿಯುವುದು ಕಷ್ಟ. ಸುಮಾತ್ರಾದ ಬಟಾಂಗ್ ತೋರು ಕಾಡಿನ ತಪನೂಲಿ ಒರಾಂಗುಟಾನ್ ಬೇರೆಯೇ ಪ್ರಭೇದವೆಂದು 2017ರಲ್ಲಿ ಗುರುತಿಸಲ್ಪಟ್ಟಾಗ, ಅವುಗಳ ಸಂಖ್ಯೆ 800ನ್ನೂ ಮುಟ್ಟುವುದಿಲ್ಲವೆಂದು ಅಂದಾಜಿಸಲಾಯಿತು.

ಆ ದ್ವೀಪಗಳ ಕಾಡು ಕರಗಲು ಒಂದು ಮುಖ್ಯ ಕಾರಣ ತಾಳೆ ಎಣ್ಣೆಯ ತೋಟ. ಆ ಎಣ್ಣೆಯನ್ನು ಜಗತ್ತಿನಲ್ಲೇ ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಅಂಗಡಿಯ ಬಿಸ್ಕತ್ತು, ಸಾಬೂನು, ಕರಿದ ತಿಂಡಿಗಳ ಮೂಲಕ ಅದು ಮಲೆನಾಡಿನ ಮನೆಗಳಿಗೂ ಬರುತ್ತದೆ. ಅಷ್ಟರಮಟ್ಟಿಗೆ ಆ ದೂರದ ಕಾಡಿನ ಲೆಕ್ಕದಲ್ಲಿ ಈ ಬೆಟ್ಟದ ಊರುಗಳ ಪಾಲೂ ಇದೆ.

ಹೋರಿಯ ಹಲ್ಲನ್ನು ಓದಬಲ್ಲ ಜನರಿಗೆ ಈ ಹಲ್ಲಿನ ಮಾತೂ ಅರ್ಥವಾಗದೇ ಇರದು. ಒಂದು ಮರಿ ಬೆಳೆಯಲು ಎಂಟು ವರ್ಷ; ಒಂದು ಮರ ಉರುಳಲು ಕೆಲವೇ ನಿಮಿಷ. ಈ ಎರಡು ಕಾಲಗಳ ನಡುವಿನ ಅಂತರವನ್ನು ಅರಿಯುವುದೇ ಕಾಡನ್ನು ಕಾಯುವ ಮೊದಲ ಪಾಠ.